ಹಳೆಯ ಬೈಕಿಗೆ ಹಳೆಯ ಹಾದಿ

ಮೋಟಾರ್‌ಸೈಕಲ್ ಪಂದ್ಯ ಎಂದೊಡನೆ ವೇಗವನ್ನೇ ನೆನೆಯುವವರಿಗೆ ಟ್ರಯಲ್ಸ್ ಎಂಬ ಆಟ ತುಸು ವಿಚಿತ್ರವಾಗಿ ಕಾಣಬಹುದು. ಮೊದಲು ಗುರಿ ಮುಟ್ಟಿದವರಿಗೆ ಇಲ್ಲಿ ಯಾವ ಬಹುಮಾನವೂ ಇಲ್ಲ. ಹಳ್ಳದ ಬಂಡೆಗಳ ನಡುವೆ, ಜಾರುವ ಬೇರುಗಳ ಮೇಲೆ, ಕಡಿದಾದ ಏರಿನಲ್ಲಿ ಗುರುತು ಹಾಕಿದ ಸಣ್ಣ ಸಣ್ಣ ತುಂಡು ಹಾದಿಗಳಿರುತ್ತವೆ. ಅವನ್ನು ಸೆಕ್ಷನ್ ಎನ್ನುತ್ತಾರೆ. ಕಾಲು ನೆಲಕ್ಕೆ ತಾಗಿಸದೆ ದಾಟಿದರೆ ಸೊನ್ನೆ, ಒಮ್ಮೆ ಊರಿದರೆ 1, ಮತ್ತೆ ಮತ್ತೆ ಊರಿದರೆ 3, ಬಿದ್ದರೆ ಇಲ್ಲವೇ ಗೆರೆ ದಾಟಿ ಹೊರಹೋದರೆ 5. ಎಲ್ಲ ಮುಗಿದ ಮೇಲೆ ಯಾರ ಲೆಕ್ಕ ಕಡಿಮೆಯೋ ಅವರೇ ಗೆದ್ದವರು. 1909ರಲ್ಲಿ ಶುರುವಾದ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಈ ಆಟದ ಅತಿ ಹೆಸರಾದ ಸ್ಪರ್ಧೆ. ಫೋರ್ಟ್ ವಿಲಿಯಂ ಸುತ್ತಲಿನ ಗುಡ್ಡಗಾಡು ಅದರ ಅಂಗಳ. ಅಲ್ಲಿಗೆ ಸಮೀಪದ ಕಿನ್‌ಲಾಕ್‌ಲೆವೆನ್ ಎಂಬ ಊರಿನಲ್ಲಿ 1984ರಿಂದ ಹಳೆಯ ಬೈಕುಗಳಿಗೆಂದೇ ಪ್ರತ್ಯೇಕ ಸ್ಪರ್ಧೆ ನಡೆಯುತ್ತಿದೆ. 1965ಕ್ಕಿಂತ ಹಿಂದಿನ ಮಾದರಿಯ ಬೈಕುಗಳಿಗೆ ಮಾತ್ರ ಪ್ರವೇಶವಾದ್ದರಿಂದ ಅದರ ಹೆಸರು ಪ್ರಿ-65.

ಈ ಬಗೆಯ ಸ್ಪರ್ಧೆಗಳಿಗೆ ಬರುವ ಬೈಕುಗಳನ್ನು ಹತ್ತಿರದಿಂದ ನೋಡಿದರೆ ತೊಡಕೊಂದು ಎದುರಾಗುತ್ತದೆ. ಟ್ಯಾಂಕಿನ ಮೇಲೆ ಬಿಎಸ್‌ಎ ಬ್ಯಾಂಟಮ್ ಎಂದೋ ಟ್ರಯಂಫ್ ಟೈಗರ್ ಕಬ್ ಎಂದೋ ಬರೆದಿರುತ್ತದೆ. ಆದರೆ ಫ್ರೇಮ್ ಹೊಸದು, ಹಬ್ ಹೊಸದು, ಮುಂದಿನ ಫೋರ್ಕಿನ ಒಳಗಿನ ಸಾಮಗ್ರಿ ಹೊಸದು, ಪಾಯಿಂಟ್ ಇದ್ದ ಜಾಗದಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್. ಹಳೆಯ ಅಚ್ಚಿನಂತೆ ಕಾಣುವ ಹೊಸ ಭಾಗಕ್ಕೆ ನಿಯಮದಲ್ಲೂ ಜಾಗವಿದೆ. ಹೀಗಾಗಿ 1965ಕ್ಕಿಂತ ಹಿಂದೆ ತಯಾರಾದ ತುಂಡೊಂದೂ ಇಲ್ಲದ ಪ್ರಿ-65 ಬೈಕು ಕಟ್ಟುವುದು ಇಂದು ಅಸಾಧ್ಯವೇನಲ್ಲ. ಇದಕ್ಕೆ ದುಡ್ಡಿರುವವರ ಶೋಕಿಯನ್ನೋ ಗೆಲ್ಲುವ ಚಪಲವನ್ನೋ ದೂರುವವರು ಬಹಳ. ನನಗೆ ತೋರುವ ಕಾರಣ ಬೇರೆ: ಹಳೆಯ ಬೈಕನ್ನು ಕಾಪಾಡುವ ಕೆಲಸ ಅರ್ಧ ಮಾತ್ರ ಗ್ಯಾರೇಜಿನಲ್ಲಿ ನಡೆಯುತ್ತದೆ. ಉಳಿದರ್ಧ ಸೆಕ್ಷನ್ ಗುರುತು ಹಾಕುವವರ ಕೈಯಲ್ಲಿದೆ. ಆ ಅರ್ಧ ಕೆಟ್ಟಿರುವುದರಿಂದಲೇ ಗ್ಯಾರೇಜಿನ ಅರ್ಧವೂ ಹಾದಿ ತಪ್ಪಿದೆ.

ಹಳೆಯ ಟ್ರಯಲ್ಸ್ ಬೈಕು ಯಾವ ಕೆಲಸಕ್ಕೆಂದು ಹುಟ್ಟಿತೆಂಬುದನ್ನು ನೋಡಿದರೆ ಇದು ತಿಳಿಯುತ್ತದೆ. 1950ರ ದಶಕದ ಏರಿಯಲ್ ಎಚ್‌ಟಿ5 500 ಸಿಸಿಯ ಒಂಟಿ ಸಿಲಿಂಡರ್ ಯಂತ್ರ, ಭಾರವಾದ ಆಳು. ಅದರ ಫ್ಲೈವೀಲ್ ಎಷ್ಟು ತೂಕದ್ದೆಂದರೆ ಎಂಜಿನ್ ತೀರಾ ನಿಧಾನಕ್ಕೆ ತಿರುಗುತ್ತಿದ್ದರೂ ಸುಲಭಕ್ಕೆ ಬಂದ್ ಆಗುವುದಿಲ್ಲ. ಒಂದೊಂದು ಬಡಿತಕ್ಕೂ ಹಿಂದಿನ ಚಕ್ರ ನೆಲವನ್ನು ಕಚ್ಚಿಕೊಂಡು ಒಂದಿಷ್ಟು ಮುಂದೆ ಸರಿಯುತ್ತದೆ. ಗಾಳಿಯೊತ್ತಡ ಬಹಳ ಕಡಿಮೆ ಇಟ್ಟ ಟೈರು ಕಲ್ಲಿನ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಆ ಒತ್ತಡದಲ್ಲಿ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವು ಕಿತ್ತುಬರಬಾರದೆಂದು ಒಳಗೆ ಬಿಗಿಹಿಡಿಯುವ ಬೋಲ್ಟುಗಳಿರುತ್ತವೆ. ಮ್ಯಾಗ್ನೆಟೊ ಇರುವ ಬೈಕುಗಳಲ್ಲಿ ಹ್ಯಾಂಡಲ್ ಮೇಲಿನ ಪುಟ್ಟ ಲಿವರ್‌ನಿಂದ ಕಿಡಿ ಹಾರುವ ಹೊತ್ತನ್ನು ಹಿಂದೆ ಮುಂದೆ ಮಾಡಬಹುದು. ಸೆಕ್ಷನ್‌ಗೆ ಇಳಿಯುವ ಮುನ್ನ ಸವಾರ ಅದನ್ನು ಹಿಂದಕ್ಕೆಳೆದು ಎಂಜಿನ್ನಿನ ಒರಟುತನವನ್ನು ತಗ್ಗಿಸುತ್ತಿದ್ದ. ಇಷ್ಟಾದ ಮೇಲೆ ಕ್ಲಚ್ಚಿಗೆ ಕೆಲಸ ಕಡಿಮೆ. ಅರ್ಧ ಕ್ಲಚ್ಚಿನಲ್ಲೇ ಇಡೀ ಸೆಕ್ಷನ್ ದಾಟಲು ಹೋದರೆ ಆ ಕಾಲದ ಪ್ಲೇಟುಗಳು ಸುಟ್ಟು ಜಾರತೊಡಗುತ್ತವೆ. ಎಲ್ಲಿ ತಿರುಗಬೇಕು, ಯಾವ ಕಲ್ಲಿನ ಯಾವ ಅಂಚು ಹಿಡಿಯಬೇಕು ಎಂದು ಮೊದಲೇ ನಡೆದು ನೋಡಿ, ಹಿಡಿದ ಓಟವನ್ನು ಕೊನೆಯವರೆಗೂ ಬಿಡದೆ ಸಾಗುವುದೇ ಆ ಸವಾರಿಯ ಕಸುಬು. ಕಿನ್‌ಲಾಕ್‌ಲೆವೆನ್‌ನಲ್ಲಿ ಹಿಂದೆ ಇದ್ದ ಅಲ್ಯೂಮಿನಿಯಂ ಕಾರ್ಖಾನೆಯ ನೀರಿನ ಕೊಳವೆಗಳ ಪಕ್ಕದಲ್ಲೇ ಏರುವ ಪೈಪ್‌ಲೈನ್ ಎಂಬ ಸೆಕ್ಷನ್ ಇಂಥ ಬೈಕಿಗೆ ಹೇಳಿ ಮಾಡಿಸಿದ್ದು: ಉದ್ದನೆಯ ಏರು, ಸಡಿಲ ಕಲ್ಲು, ಹಿಡಿತ ಮತ್ತು ಓಟದ ಪರೀಕ್ಷೆ.

ಇಂದಿನ ಟ್ರಯಲ್ಸ್ ಬೈಕು 70 ಕೆ.ಜಿ. ಆಸುಪಾಸಿನದು. ಅದಕ್ಕೆ ಸೀಟೆಂಬುದೇ ಇಲ್ಲವೆನ್ನಬಹುದು; ಹೈಡ್ರಾಲಿಕ್ ಕ್ಲಚ್ ಒಂದು ಬೆರಳಿಗೆ ಮಣಿಯುತ್ತದೆ. ಸವಾರ ನಿಂತಲ್ಲೇ ಚಕ್ರಗಳನ್ನು ಕುಪ್ಪಳಿಸಿ ದಿಕ್ಕು ಬದಲಿಸುತ್ತಾನೆ, ಎದೆಯೆತ್ತರದ ಬಂಡೆಗೆ ನೇರ ಹತ್ತುತ್ತಾನೆ. ಸೆಕ್ಷನ್ ಗುರುತು ಹಾಕುವವರ ಕಣ್ಣಿಗೂ ಇದೇ ಅಭ್ಯಾಸವಾಗಿದೆ. ಹಳೆಯ ಬೈಕುಗಳ ಸ್ಪರ್ಧೆಗೂ ಬಿಗಿ ತಿರುವು, ಮೆಟ್ಟಿಲಿನಂಥ ಬಂಡೆ ತಂದಿಟ್ಟರೆ 130 ಕೆ.ಜಿ. ಹತ್ತಿರದ ಏರಿಯಲ್ ಅಲ್ಲಿ ತಿರುಗುವುದೇ ಇಲ್ಲ. ಆಗ ಸವಾರನಿಗೆ ಉಳಿಯುವುದು ಎರಡು ದಾರಿ: ಬೈಕನ್ನು ಮನೆಯಲ್ಲಿ ಬಿಟ್ಟುಬರುವುದು, ಇಲ್ಲವೇ ಅದರ ಫ್ರೇಮ್ ಕೊಯ್ದು, ಮುಂದಿನ ಫೋರ್ಕಿನ ಕೋನ ಬದಲಿಸಿ, ತೂಕ ಇಳಿಸಿ ಬೇರೆಯದೇ ಪ್ರಾಣಿಯಾಗಿಸುವುದು. ಹಾಗೆ ಬದಲಾದ ಬೈಕುಗಳು ಸೆಕ್ಷನ್‌ಗಳನ್ನು ಸಲೀಸಾಗಿ ದಾಟಿದಾಗ ಸಂಘಟಕರು ಮುಂದಿನ ವರ್ಷ ಇನ್ನಷ್ಟು ಬಿಗಿ ಮಾಡುತ್ತಾರೆ. ಈ ಪೈಪೋಟಿಯಲ್ಲಿ ತಪ್ಪು ಒಬ್ಬರದೆಂದು ಬೊಟ್ಟು ಮಾಡುವುದು ಕಷ್ಟ; ಹೊಡೆತ ಬಿದ್ದದ್ದು ಮಾತ್ರ ಬದಲಾಗದೆ ಉಳಿದ ಯಂತ್ರಗಳಿಗೆ.

ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ಎತ್ತುವವರ ಬಳಿ ಇರುವ ಸಾಕ್ಷಿಯೂ ಸಣ್ಣದಲ್ಲ. ಆ ಕಾಲದ ಅತಿ ದೊಡ್ಡ ಸವಾರ ಸ್ಯಾಮಿ ಮಿಲ್ಲರ್ ತಮ್ಮ ಏರಿಯಲ್ಲನ್ನು ಕಾರ್ಖಾನೆಯಿಂದ ಬಂದಂತೆಯೇ ಉಳಿಸಲಿಲ್ಲ. ಜಿಒವಿ 132 ಎಂಬ ನೋಂದಣಿ ಸಂಖ್ಯೆಯಿಂದಲೇ ಹೆಸರಾದ ಆ ಬೈಕಿನ ಫ್ರೇಮಿನಿಂದ ಹಿಡಿದು ಎಲ್ಲವನ್ನೂ ಕೆರೆದು, ಬದಲಿಸಿ, ಸುಮಾರು 110 ಕೆ.ಜಿ.ಗೆ ಇಳಿಸಿದರು. 1959ರಿಂದ 1969ರವರೆಗೆ ಸತತ 11 ವರ್ಷ ಬ್ರಿಟಿಷ್ ಚಾಂಪಿಯನ್ ಆದವರು ಅವರು. ಮಿಲ್ಲರ್ ಮಾಡಿದ್ದನ್ನು ಇಂದಿನವರು ಮಾಡಿದರೆ ಅದು ಪರಂಪರೆಯ ಮುಂದುವರಿಕೆಯೇ ಹೊರತು ದ್ರೋಹ ಹೇಗಾದೀತು ಎಂಬುದು ಪ್ರಶ್ನೆ. ಮಾರ್ಪಾಡು ತಪ್ಪೆಂದು ನಾನೂ ಹೇಳುವುದಿಲ್ಲ. ಆದರೆ ಮಿಲ್ಲರ್ ತಮ್ಮ ಕಾಲದ ಸೆಕ್ಷನ್‌ಗಳಿಗೆ, ತಮ್ಮ ಕಾಲದ ತಿಳಿವಿನಿಂದ ಬೈಕು ತಿದ್ದಿದರು. ಮುಂದಿನ ಕಥೆ ಇನ್ನೂ ಸ್ವಾರಸ್ಯದ್ದು. 1964ರಲ್ಲಿ ಅವರು ಸ್ಪೇನಿನ ಬುಲ್ಟಾಕೊ ಕಂಪನಿಗಾಗಿ ಶೆರ್ಪಾ ಟಿ ಎಂಬ 250 ಸಿಸಿ ವರ್ಗದ ಹಗುರ ಎರಡು-ಸ್ಟ್ರೋಕ್ ಬೈಕನ್ನು ರೂಪಿಸಿ, 1965ರಲ್ಲಿ ಅದರ ಮೇಲೆಯೇ ಸ್ಕಾಟಿಷ್ ಸಿಕ್ಸ್ ಡೇಸ್ ಗೆದ್ದರು. ಬ್ರಿಟನ್ನಿನ ಭಾರದ ಬೈಕುಗಳ ಯುಗ ಅಲ್ಲಿಗೆ ಮುಗಿಯಿತು. ಪ್ರಿ-65 ಎಂಬ ಗೆರೆ ಬಿದ್ದಿರುವುದೂ ಅದೇ ಜಾಗದಲ್ಲಿ, ಶೆರ್ಪಾವನ್ನು ಹೊರಗಿಟ್ಟು. ಇಂದಿನ ಹೊಸ ಫ್ರೇಮಿನ ಬ್ಯಾಂಟಮ್‌ಗಳು ತೂಕದಲ್ಲಿ, ಕೋನದಲ್ಲಿ, ತಿರುಗುವ ಬಗೆಯಲ್ಲಿ ನಕಲು ಮಾಡುತ್ತಿರುವುದು ಶೆರ್ಪಾವನ್ನೂ ಅದರ ನಂತರ ಬಂದವನ್ನೂ. ಯಾರನ್ನು ಹೊರಗಿಡಲು ಬೇಲಿ ಹಾಕಿದರೋ ಅವರೇ ವೇಷ ಮರೆಸಿಕೊಂಡು ಒಳಗೆ ಬಂದು ಕೂತಿದ್ದಾರೆ.

ಇನ್ನೊಂದು ಆಕ್ಷೇಪ ಎದುರು ದಿಕ್ಕಿನದು: ಇಂಥ ಬೈಕುಗಳನ್ನು ಓಡಿಸುವುದೇ ಬೇಡ, ಸಂಗ್ರಹಾಲಯದಲ್ಲಿಡಿ. ಚರಿತ್ರೆಯಲ್ಲಿ ಹೆಸರಿರುವ ಒಂದೆರಡು ಬೈಕುಗಳಿಗೆ ಈ ಮಾತು ಸರಿ. ಉಳಿದವಕ್ಕೆ ನಿಲ್ಲಿಸಿಡುವುದೇ ಕೇಡು. ಎರಡು-ಸ್ಟ್ರೋಕ್ ಎಂಜಿನ್ ವರ್ಷಗಟ್ಟಲೆ ನಿಂತರೆ ಕ್ರ್ಯಾಂಕಿನ ರಬ್ಬರ್ ಸೀಲುಗಳು ಒಣಗಿ ಗಡುಸಾಗುತ್ತವೆ. ಅಲ್ಲಿಂದ ಗಾಳಿ ಎಳೆದುಕೊಂಡರೆ ಪೆಟ್ರೋಲಿನ ಪಾಲು ಕಡಿಮೆಯಾಗಿ, ಕಾವು ಏರಿ, ಪಿಸ್ಟನ್ ಸೀಜ್ ಆಗುತ್ತದೆ. ಮ್ಯಾಗ್ನೆಟೊದೊಳಗಿನ ಸುರುಳಿ ತೇವ ಎಳೆಯುತ್ತದೆ, ಕಂಡೆನ್ಸರ್ ಸಾಯುತ್ತದೆ. ಫೋರ್ಕಿನ ಕೊಳವೆಗೆ ತುಕ್ಕಿನ ಚುಕ್ಕೆ ಬಿದ್ದರೆ ಎಷ್ಟು ಹೊಸ ಸೀಲು ಹಾಕಿದರೂ ಎಣ್ಣೆ ಸೋರುತ್ತದೆ. ಎಥನಾಲ್ ಬೆರೆತ ಪೆಟ್ರೋಲಿನದು ಬೇರೆಯೇ ಕಾಟ. ಬುಲ್ಟಾಕೊ, ಮೊಂಟೆಸಾ, ಒಸ್ಸಾ ಕಂಪನಿಗಳ ಅನೇಕ ಮಾದರಿಗಳಲ್ಲಿ ಟ್ಯಾಂಕು ಫೈಬರ್‌ಗ್ಲಾಸಿನದು. ಎಥನಾಲ್ ಅದರ ಅಂಟನ್ನು ಕರಗಿಸುತ್ತದೆ, ಕರಗಿದ ಅಂಟು ಕಾರ್ಬುರೇಟರಿನ ಜೆಟ್ಟಿಗೆ ಹೋಗಿ ಕೂರುತ್ತದೆ. ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಎಥನಾಲ್ ಪಾಲು ಶೇ 10ರವರೆಗೆ ಏರಿದೆ. ನಮ್ಮಲ್ಲಿ ಶೇ 20ರ ಪೆಟ್ರೋಲು ಬಂದಮೇಲೆ ಹಳೆಯ ಬೈಕು ಇಟ್ಟುಕೊಂಡವರು ರಬ್ಬರ್ ಪೈಪು, ವಾಷರ್‌ಗಳ ಬಗ್ಗೆ ಪಡುವ ಚಿಂತೆಯೂ ಇದೇ ಜಾತಿಯದು. ಓಡುವ ಬೈಕಿನಲ್ಲಿ ಇವೆಲ್ಲ ಬೇಗ ಕಣ್ಣಿಗೆ ಬೀಳುತ್ತವೆ. ಟ್ಯಾಂಕಿನ ಪೆಟ್ರೋಲು ಹಳಸುವ ಮುನ್ನ ಖಾಲಿಯಾಗುತ್ತದೆ. ಸ್ಪೇರಿಗೆ ಬೇಡಿಕೆಯಿರುವುದರಿಂದ ಮಾಡಿಕೊಡುವವರೂ ಉಳಿಯುತ್ತಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಯೆಜ್ಡಿಗಳು ಇಂದಿಗೂ ರಸ್ತೆಯಲ್ಲಿ ಕಾಣುವುದಕ್ಕೆ ಅವನ್ನು ಬಿಡದೆ ಓಡಿಸಿದವರು, ರಿಪೇರಿ ಮಾಡಿದ ಮೇಸ್ತ್ರಿಗಳು ಕಾರಣ.

ಈ ಬೈಕುಗಳು ಇದ್ದಂತೆಯೇ ಓಡಲೆಂದು ಸೆಕ್ಷನ್ ಸುಲಭ ಮಾಡಿದರೆ ಸ್ಪರ್ಧೆ ಸಪ್ಪೆಯಾಗುವುದಿಲ್ಲವೇ? ಎಲ್ಲರೂ ಸೊನ್ನೆ ತಂದರೆ ಗೆದ್ದವರು ಯಾರು? ಈ ಆತಂಕಕ್ಕೆ ಉತ್ತರ ಆಟದ ಚರಿತ್ರೆಯಲ್ಲೇ ಇದೆ. ನಮಗೆ ಚಿರಪರಿಚಿತವಾದ ರಾಯಲ್ ಎನ್‌ಫೀಲ್ಡ್ ಬುಲೆಟ್ಟಿನ ಹಿಂಚಕ್ರದ ಸ್ಪ್ರಿಂಗ್ ವ್ಯವಸ್ಥೆ ಮೊದಲು ಕಾಣಿಸಿಕೊಂಡದ್ದು 1948ರ ಕೋಲ್ಮೋರ್ ಕಪ್ ಟ್ರಯಲ್‌ನಲ್ಲಿ. ಹಿಂದೆ ಸ್ಪ್ರಿಂಗ್ ಇಲ್ಲದ ಗಟ್ಟಿ ಫ್ರೇಮೇ ಹಿಡಿತಕ್ಕೆ ಮೇಲೆಂದು ನಂಬಿದ್ದ ಕಾಲವದು. ಜಾನಿ ಬ್ರಿಟನ್ ಎಂಬ ಸವಾರ 1952 ಮತ್ತು 1957ರಲ್ಲಿ ಬುಲೆಟ್ಟಿನ ಮೇಲೆ ಸ್ಕಾಟಿಷ್ ಸಿಕ್ಸ್ ಡೇಸ್ ಗೆದ್ದು ಆ ನಂಬಿಕೆಯನ್ನು ಮೂಲೆಗೆ ತಳ್ಳಿದರು. ಆ ಸ್ಪರ್ಧೆಗಳಲ್ಲಿ ಎದೆಯೆತ್ತರದ ಬಂಡೆ ಹತ್ತುವ ಸವಾಲಿರಲಿಲ್ಲ, ಆದರೂ ಪಳಗಿದವರಿಗೂ ದಂಡದ ಅಂಕ ಬೀಳುತ್ತಿತ್ತು. ಒದ್ದೆ ಬೇರು, ಪಾಚಿಗಟ್ಟಿದ ಕಲ್ಲು, ಅಡ್ಡ ಇಳಿಜಾರು, ಕೆಸರಿನ ನಂತರ ಬರುವ ಉದ್ದನೆಯ ಏರು, ಇವಿಷ್ಟೇ ಸಾಕಾಗಿತ್ತು. ತೊರೆ ದಾಟಿ ಡ್ರಮ್ ಬ್ರೇಕಿಗೆ ನೀರು ಹೊಕ್ಕಮೇಲೆ ಎದುರಾಗುವ ಇಳಿಜಾರು ಇಂದಿಗೂ ಯಾರಿಗೂ ಸುಲಭವಲ್ಲ. ಕಷ್ಟವನ್ನು ಎತ್ತರದಲ್ಲಿ ಹುಡುಕುವ ಬದಲು ಹಿಡಿತದಲ್ಲಿ ಹುಡುಕಿದರೆ ಹಳೆಯ ಬೈಕಿಗೆ ಏಟಾಗದೆಯೇ ಸವಾರರ ಅಂತರ ತಿಳಿಯುತ್ತದೆ. ಅರವತ್ತು ಎಪ್ಪತ್ತು ದಾಟಿದ ಸವಾರರಿಗೆ ಹಗುರ ಬೈಕು ಬೇಕೇ ಬೇಕು ಎಂಬ ವಾದಕ್ಕೂ ಇದೇ ಉತ್ತರ. ಆ ವಯಸ್ಸಿನಲ್ಲಿ ಮೈಮೂಳೆಗೆ ಅಪಾಯ ತರುವುದು ಬೈಕಿನ ತೂಕಕ್ಕಿಂತ ಹೆಚ್ಚಾಗಿ ಬಂಡೆಯ ಎತ್ತರ.

ಒಂದೇ ಸೆಕ್ಷನ್ನಿನಲ್ಲಿ ಬೇರೆ ಬೇರೆ ಬಣ್ಣದ ಬಾಣ ನೆಟ್ಟು ಗಟ್ಟಿ ಫ್ರೇಮಿಗೊಂದು, ಭಾರದ ನಾಲ್ಕು-ಸ್ಟ್ರೋಕಿಗೊಂದು, ಹಗುರದವಕ್ಕೆ ಇನ್ನೊಂದು ಹಾದಿ ತೋರಿಸುವ ಪದ್ಧತಿ ಬ್ರಿಟನ್ನಿನ ಕ್ಲಬ್ಬುಗಳಲ್ಲಿ ಈಗಾಗಲೇ ಇದೆ. ಅದಕ್ಕೆ ಹೆಚ್ಚು ಮಂದಿ, ಹೆಚ್ಚು ಹೊತ್ತು ಬೇಕು ನಿಜ. ಹೊಸ ಫ್ರೇಮೊಂದರ ಖರ್ಚಿಗೆ ಹೋಲಿಸಿದರೆ ಅದು ಏನೂ ಅಲ್ಲ. ಈ ಪದ್ಧತಿ ತುರ್ತಾಗಿ ಬೇಕಿರುವುದು ಹಿಂದೆ ಎರಡು ಶಾಕ್ ಅಬ್ಸಾರ್ಬರ್ ಇರುವ, ಪ್ರಿ-65ರ ಮುಂದಿನ ತಲೆಮಾರಿಗೆ. ಶೆರ್ಪಾ, ಮೊಂಟೆಸಾ ಕೋಟಾ, ಯಮಾಹಾ ಟಿವೈ, ಫ್ಯಾಂಟಿಕ್‌ಗಳು ಈಗ ಅರ್ಧ ಶತಮಾನದ ಆಸುಪಾಸಿನವು. ಕಾರ್ಖಾನೆಯಿಂದ ಬಂದ ರೂಪದಲ್ಲೇ ಓಡುವ ಇಂಥ ಬೈಕುಗಳು ಇನ್ನೂ ಸಾಕಷ್ಟಿವೆ, ಅವುಗಳ ಭಾಗಗಳೂ ಸಿಗುತ್ತವೆ. ಇವುಗಳ ಸ್ಪರ್ಧೆಗೂ ಬಿಗಿ ತಿರುವುಗಳು ಬಂದರೆ ಪ್ರಿ-65ಕ್ಕೆ ಆದದ್ದೇ ಇವಕ್ಕೂ ಆಗುತ್ತದೆ. ಈ ಬಾರಿ ಅದನ್ನು ತಡೆಯಲು ಸಂಘಟಕರಿಗೆ ಬೇಕಿರುವುದು ಗುರುತಿನ ಗೂಟವನ್ನು ನಾಲ್ಕು ಅಡಿ ಆಚೆ ನೆಡುವ ಮನಸ್ಸು.