ಸರಿಯೊ, ಬೆಸವೊ?

ಮುಷ್ಟಿಯೊಳಗೆ ಕೆಲವು ಹುಣಿಸೆಬೀಜಗಳನ್ನು ಬಚ್ಚಿಟ್ಟುಕೊಂಡು "ಸರಿಯೊ, ಬೆಸವೊ?" ಎಂದು ಜೊತೆಯವನನ್ನು ಕೇಳುವ ಆಟವನ್ನು, ಈ ಭಾಷಣವನ್ನು ಕೇಳುತ್ತಿರುವ ಮಹನೀಯರಲ್ಲಿಯೂ ಮಹಿಳೆಯರಲ್ಲಿಯೂ ಅನೇಕರು ಬಾಲ್ಯದಲ್ಲಿ ಆಡಿರಬೇಕು. ಆಟ ಬಹು ಹಳೆಯದು. ನಮ್ಮಲ್ಲಿ ಮಾತ್ರವೇ ಇದ್ದುದೂ ಅಲ್ಲ. ರೋಮಿನ ಚಕ್ರವರ್ತಿ ಆಗಸ್ಟಸ್ ತನ್ನ ಅತಿಥಿಗಳಿಗೆ, ಊಟದ ನಡುವೆ ದಾಳವನ್ನೋ ಸರಿಬೆಸವನ್ನೋ ಆಡುವ ಮನಸ್ಸಾದರೆ ಇರಲಿ ಎಂದು, ತಲೆಗೆ 250 ದಿನಾರಿಯಸ್ ಬೆಳ್ಳಿಯ ನಾಣ್ಯಗಳನ್ನು ಕೊಟ್ಟುದಾಗಿ ಮಗಳಿಗೆ ಕಾಗದ ಬರೆದಿದ್ದನೆಂದು ಚರಿತ್ರಕಾರ ಸ್ವೆಟೋನಿಯಸ್ ಹೇಳುತ್ತಾನೆ. ಚಕ್ರವರ್ತಿಗೆ ಬೆಳ್ಳಿ, ನಮ್ಮ ಮಕ್ಕಳಿಗೆ ಹುಣಿಸೆಬೀಜ. ಆಟ ಮಾತ್ರ ಒಂದೇ.

ಆದರೆ ಇದೇ ಮಗು ಶಾಲೆಗೆ ಹೋದಮೇಲೆ ಸಮಸಂಖ್ಯೆ, ಬೆಸಸಂಖ್ಯೆ ಎಂಬ ಪಾಠವನ್ನು ಹೇಗೆ ಕಲಿಯುತ್ತದೆ? ಅನೇಕ ಕಡೆಗಳಲ್ಲಿ ಒಂದೇ ವಾಕ್ಯದಲ್ಲಿ: ಕೊನೆಯ ಅಂಕಿ 0, 2, 4, 6, 8 ಆಗಿದ್ದರೆ ಸಮ, 1, 3, 5, 7, 9 ಆಗಿದ್ದರೆ ಬೆಸ. ಮಗು ಇದನ್ನು ಒಂದು ಮಧ್ಯಾಹ್ನದಲ್ಲಿ ಬಾಯಿಪಾಠ ಮಾಡಿ ಮರುದಿನ ಎಲ್ಲ ಲೆಕ್ಕಗಳಿಗೂ ಸರಿಯಾದ ಉತ್ತರವನ್ನೇ ಬರೆಯುತ್ತದೆ. ಉಪಾಧ್ಯಾಯರಿಗೂ ಸಂತೋಷ, ತಂದೆತಾಯಿಗಳಿಗೂ ಸಂತೋಷ. ನಮಗೆ ಮಾತ್ರ ಇದರಲ್ಲಿ ಒಂದು ದೊಡ್ಡ ನಷ್ಟ ಕಾಣುತ್ತದೆ. ಸಂಖ್ಯೆಗಳ ವಿಷಯದಲ್ಲಿ "ಇದು ಹೀಗೆಯೇ ಏಕೆ? ಎಲ್ಲ ಸಂಖ್ಯೆಗಳಿಗೂ ಹೀಗೆಯೆ?" ಎಂಬ ಪ್ರಶ್ನೆಯನ್ನು ಕೇಳಿ, ಕಾರಣಸಹಿತವಾದ ಉತ್ತರವನ್ನು ತಾನೇ ಕೊಡಬಲ್ಲ ಸಂದರ್ಭ ಆರೇಳು ವರ್ಷದ ಮಗುವಿಗೆ ಒದಗುವುದು ಬಹುಶಃ ಇಲ್ಲಿಯೇ ಮೊದಲು. ಅಂಕಿಯ ಬಾಲವನ್ನು ತೋರಿಸಿಬಿಟ್ಟರೆ ಆ ಸಂದರ್ಭ ಕೈತಪ್ಪಿಹೋಗುತ್ತದೆ.

ಹಾಗಾದರೆ ಎಲ್ಲಿಂದ ಹೊರಡಬೇಕು? ಜೋಡಿಯಿಂದ. ಇದಕ್ಕೆ ಬೆಲೆಬಾಳುವ ಉಪಕರಣಗಳು ಬೇಕಿಲ್ಲ. ಮಲೆನಾಡಿನ ಒಂದು ಊರನ್ನು ನೆನೆದುಕೊಳ್ಳೋಣ. ತೀರ್ಥಹಳ್ಳಿಯ ಸೀಮೆಯ ಕೋಣಂದೂರೆಂದಿಟ್ಟುಕೊಳ್ಳಿ. ಅಲ್ಲಿ ಅಡಕೆ ಮಗುವಿನ ಕಣ್ಣಮುಂದೆಯೇ ಬಿದ್ದಿರುತ್ತದೆ. ಏಳು ಅಡಕೆಗಳನ್ನು ಕೊಟ್ಟು, ಎರಡೆರಡಾಗಿ ಒಂದರ ಕೆಳಗೊಂದು ಸಾಲಿಡುವಂತೆ ಹೇಳಿರಿ. ಮೂರು ಜೊತೆಗಳಾದಮೇಲೆ ಒಂದು ಒಂಟಿಯಾಗಿ ಉಳಿಯುತ್ತದೆ; ಅದನ್ನು ಎರಡು ಸಾಲುಗಳ ಕೆಳಗೆ ನಟ್ಟನಡುವೆ ಇಡಲಿ. ಈಗ ಮಗುವಿನ ಬೆರಳನ್ನು ಮೇಲಿನಿಂದ ಎರಡು ಸಾಲುಗಳ ನಡುವಣ ಓಣಿಯಲ್ಲಿ ಜಾರಿಸಿದರೆ ಒಂಟಿ ಅಡಕೆ ಅಡ್ಡ ಬರುತ್ತದೆ. ಎಂಟು ಅಡಕೆಗಳಾದರೆ ಬೆರಳು ತಡೆಯಿಲ್ಲದೆ ಹೊರಗೆ ಬರುತ್ತದೆ. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಯುದ್ಧಕಾಲವನ್ನೆಲ್ಲ ನಮ್ಮ ದೇಶದಲ್ಲಿಯೇ ಕಳೆದ ಮರಿಯಾ ಮಾಂಟೆಸೊರಿಯವರ ಪದ್ಧತಿಯಲ್ಲಿ ಇದೇ ಕ್ರಮವುಂಟು; ಅಲ್ಲಿ ಅಡಕೆಯ ಬದಲು ಬಣ್ಣದ ಬಿಲ್ಲೆಗಳು, ಮೇಲೆ ಅಂಕಿ ಬರೆದ ಚೀಟಿಗಳು, ಅಷ್ಟೇ ಭೇದ. ದಾರಿ ಬಿಟ್ಟದ್ದು ಸಮ, ದಾರಿ ಕಟ್ಟಿದ್ದು ಬೆಸ. ಇಷ್ಟನ್ನು ಬೆರಳು ತಿಳಿದುಕೊಂಡ ಮೇಲೆ ಹೆಸರನ್ನು ಹೇಳಿಕೊಟ್ಟರೆ ಸಾಕು.

ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಕನ್ನಡದಲ್ಲಿ ಸರಿ ಎಂಬುದು ಸಮವೆಂಬ ಅರ್ಥದಲ್ಲಿಯೂ ತಪ್ಪಲ್ಲದ್ದು ಎಂಬ ಅರ್ಥದಲ್ಲಿಯೂ ನಡೆಯುತ್ತದೆ. ಆದುದರಿಂದ ಬೆಸವೆಂದರೆ ಏನೋ ಊನವಾದದ್ದು ಎಂದು ಮಗು ತಿಳಿಯುವ ಸಂಭವವಿದೆ. ಇಂಗ್ಲಿಷಿನಲ್ಲಿಯೂ ಇದೇ ತೊಡಕು: ಬೆಸಕ್ಕೆ ಅವರು ಹೇಳುವ ಆಡ್ ಎಂಬ ಮಾತಿಗೆ ವಿಚಿತ್ರವೆಂಬ ಅರ್ಥವೂ ಬಂದುಬಿಟ್ಟಿದೆ. ಮೂಲದಲ್ಲಿ ಅದು ಉತ್ತರದೇಶದ ಹಳೆಯ ನುಡಿಯಿಂದ ಬಂದ ಶಬ್ದ. ಮುಂಚಾಚಿದ ನೆಲದ ತುದಿ, ಮುಕ್ಕೋನೆಯಾಕಾರ, ಎರಡರ ಮೇಲಿನ ಮೂರನೆಯದು ಎಂಬ ಅರ್ಥಗಳು ಅದಕ್ಕಿದ್ದುವು. ಅಡಕೆಯ ಸಾಲಿನ ಕೆಳಗೆ ನಡುವೆ ನಿಂತ ಆ ಒಂಟಿ ಅಡಕೆಯನ್ನು ನೋಡಿದವರಿಗೆ ಈ ಅರ್ಥ ಚೆನ್ನಾಗಿ ಹೊಂದುತ್ತದೆ. ನಮ್ಮಲ್ಲಂತೂ ಬೆಸಕ್ಕೆ ಅಗೌರವವೇನೂ ಇಲ್ಲ. ಮದುವೆಯ ಮನೆಯಲ್ಲಿ ಉಡುಗೊರೆ ಕೊಡುವಾಗ ನೂರಕ್ಕೆ ಒಂದು ಸೇರಿಸಿ 101 ಕೊಡುತ್ತೇವಲ್ಲವೆ? ಆ ಒಂದು ರೂಪಾಯಿಯನ್ನು ಲಕೋಟೆಗೆ ಹಾಕುವ ಕೆಲಸವನ್ನು ಮಗುವಿಗೇ ಕೊಡಬಹುದು.

ಇನ್ನು ಹೊರಗೆ ಹೊರಟರೆ ಗಿಡಮರಗಳೇ ಪಾಠ ಹೇಳುತ್ತವೆ. ಮಲೆನಾಡಿನ ದಾರಿಯ ಪಕ್ಕದಲ್ಲಿ ಹೇರಳವಾಗಿರುವ ಮುಟ್ಟಿದರೆಮುನಿ ಗಿಡದಲ್ಲಿ ಕಿರಿಯೆಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿರುತ್ತವೆ. ಮುಟ್ಟಿದಾಗ ಆ ಜೋಡಿಗಳು ಒಂದಕ್ಕೊಂದು ಅಂಟಿಕೊಂಡು ಮುಚ್ಚುವುದನ್ನು ಕಂಡ ಮಗುವಿಗೆ ಸಮಸಂಖ್ಯೆಯ ಲಕ್ಷಣವನ್ನು ಬೇರೆ ಹೇಳಬೇಕಾಗಿಲ್ಲ. ಹುಣಿಸೆಯ ಎಲೆಯೂ ಹಾಗೆಯೇ: ಗರಿಯ ತುದಿಯಲ್ಲಿ ಒಂಟಿ ಎಲೆಯಿಲ್ಲ. ಹೊಂಗೆಯಲ್ಲಿಯೂ ಗುಲಾಬಿಯಲ್ಲಿಯೂ ತುದಿಗೊಂದು ಎಲೆ ಉಂಟು. ಎಣಿಸಿದರೆ ಐದೋ ಏಳೋ ಆಗುತ್ತದೆ. ಹೊಂಗೆಯ ಗರಿಯಲ್ಲಿ ಆರು ಎಲೆ ಸಿಕ್ಕಿತೆಂದು ಮಗು ವಾದಿಸಿದರೆ ಅದನ್ನು ಗದರಿಸದೆ ಕಡ್ಡಿಯನ್ನು ಪರೀಕ್ಷಿಸುವಂತೆ ಹೇಳಬೇಕು. ಎಲೆ ಉದುರಿದ ಗುರುತು ಅಲ್ಲಿ ಇದ್ದೀತು.

ಇಲ್ಲಿ ಒಂದು ಕಷ್ಟ ಎದುರಾಗುತ್ತದೆ. "ಇಬ್ಬರಿಗೆ ಸಮನಾಗಿ ಹಂಚಲು ಬಂದರೆ ಸಮಸಂಖ್ಯೆ" ಎಂದು ಹೇಳಿದಕೂಡಲೆ ಬುದ್ಧಿವಂತ ಮಗು, "ಏಳು ರೊಟ್ಟಿಯನ್ನೂ ಹಂಚಬಹುದಲ್ಲ, ಮೂರೂವರೆ, ಮೂರೂವರೆ" ಎನ್ನುತ್ತದೆ. ಇದು ತುಂಟತನವಲ್ಲ, ಮಗು ಆಡಿದ ಮಾತು ಸತ್ಯ. ನಾವು ಹೇಳಿದ ಲಕ್ಷಣದಲ್ಲಿಯೇ ಕೊರತೆಯಿದೆ. "ಕತ್ತರಿಸದೆ" ಎಂಬ ಮಾತನ್ನು ಸೇರಿಸಬೇಕು. ಕೋಣಂದೂರಿನ ಮಗುವಿಗೆ ಕತ್ತರಿಸುವುದೆಂದರೆ ಏನೆಂದು ಚೆನ್ನಾಗಿ ಗೊತ್ತು: ಎಳೆಯ ಅಡಕೆಯನ್ನು ಎರಡು ಹೋಳು ಮಾಡಿ ಬೇಯಿಸಿ ಒಣಗಿಸಿದರೆ ಬೆಟ್ಟೆಯಡಕೆ. ಹಾಗೆ ಹೋಳು ಮಾಡುವಾಗ, ಅಡಕೆಗಳು ಏಳಿರಲಿ ಎಂಟಿರಲಿ, ಹೋಳುಗಳ ಎಣಿಕೆ ಯಾವಾಗಲೂ ಸಮವೇ ಆಗುವುದೇಕೆ ಎಂದು ಕೇಳಿ ನೋಡಿರಿ. ಪ್ರತಿಯೊಂದು ಅಡಕೆಯೂ ತಾನೇ ಒಂದು ಜೋಡಿಯಾಯಿತು ಎಂಬ ಉತ್ತರ ಬಂದರೆ, ಯಾವ ಸಂಖ್ಯೆಯನ್ನು ಇಮ್ಮಡಿಸಿದರೂ ಸಮವಾಗುತ್ತದೆ ಎಂಬ ಸಿದ್ಧಾಂತವನ್ನು ಮಗು ಸಾಧಿಸಿದಂತಾಯಿತು. ಒಂದು ಉದಾಹರಣೆಗಲ್ಲ, ಎಲ್ಲ ಸಂಖ್ಯೆಗಳಿಗೂ.

ಎರಡು ಬೆಸಗಳನ್ನು ಕೂಡಿದರೆ ಸಮವೇ ಏಕೆ? ಈ ಮುಷ್ಟಿಯಲ್ಲಿ ಒಂದು ಒಂಟಿ, ಆ ಮುಷ್ಟಿಯಲ್ಲಿ ಒಂದು ಒಂಟಿ. ಎರಡು ಒಂಟಿಗಳೂ ಸೇರಿ ಜೋಡಿಯಾದುವು. ಇದನ್ನು ಮಗು ತನ್ನ ಮಾತಿನಲ್ಲಿಯೇ ಹೇಳುತ್ತದೆ. ಯೂಕ್ಲಿಡನ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಸಮಬೆಸಗಳನ್ನು ಕುರಿತ ಪ್ರಮೇಯಗಳ ಸರಣಿಯೇ ಇದೆ. ಅಲ್ಲಿಯ ವಾದಕ್ಕೂ ಮಗುವಿನ ವಾದಕ್ಕೂ ಅಂತರ ಅಷ್ಟೇನೂ ಹೆಚ್ಚಲ್ಲ.

ಈ ತಿಳಿವಳಿಕೆ ಮಳೆಗಾಲದ ಅಳಗುಳಿಮಣೆಯ ಆಟದಲ್ಲಿ ಬಹಳ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ಮಣೆಯಲ್ಲಿ ಏಳೇಳರ ಎರಡು ಸಾಲು, ಒಟ್ಟು 14 ಗುಳಿಗಳು. ಗುಳಿಗೆ ಐದರಂತೆ ಕಾಳು ತುಂಬಿದರೆ 70, ನಾಲ್ಕರಂತೆ ತುಂಬಿದರೆ 56. ಗುಳಿಗೆ ಐದೆಂಬುದು ಬೆಸವಾದರೂ ಮೊತ್ತ ಸಮವಾಯಿತು. ಏಕೆಂದರೆ ಎದುರುಬದುರಿನ ಎರಡು ಗುಳಿಗಳ ಒಂಟಿಗಳು ಜೊತೆಗೂಡಿದುವು. ಆಟ ಮುಗಿದು ಕಾಳುಗಳೆಲ್ಲ ಇಬ್ಬರ ಕೈಸೇರಿದ ಮೇಲೆ ಅವರವರು ಎಣಿಸಿಕೊಳ್ಳಲಿ. ಇಬ್ಬರದೂ ಸಮವಾಗಿರಬೇಕು, ಇಲ್ಲವೆ ಇಬ್ಬರದೂ ಬೆಸವಾಗಿರಬೇಕು. ಒಬ್ಬರದು ಸಮ, ಒಬ್ಬರದು ಬೆಸ ಎಂದು ಬಂದರೆ ಎಣಿಕೆ ತಪ್ಪಿದೆ, ಅಥವಾ ಕಾಳು ಚಾಪೆಯ ಕೆಳಗೆ ಸೇರಿದೆ. ಮೊತ್ತವನ್ನು ಕೂಡುವ ಶಕ್ತಿ ಇನ್ನೂ ಬಾರದ ಮಗುವೂ ಈ ಪರೀಕ್ಷೆಯನ್ನು ಮಾಡಬಲ್ಲದು. ಎರಡು ಕಾಳುಗಳು ಒಟ್ಟಿಗೆ ಕಳೆದುಹೋದರೆ ಮಾತ್ರ ಈ ಪರೀಕ್ಷೆಗೆ ಸಿಕ್ಕುವುದಿಲ್ಲ. ಹಾಗೇಕೆಂದು ಕೇಳಿದರೆ ಅದೊಂದು ಒಳ್ಳೆಯ ಸಂಜೆಯ ಮಾತಾಗುತ್ತದೆ. ಗಣಕಯಂತ್ರಗಳಲ್ಲಿಯೂ ಇದೇ ಉಪಾಯವನ್ನು ಬಳಸುತ್ತಾರೆ. ಅಲ್ಲಿ ಎಲ್ಲ ಸಂದೇಶಗಳೂ ಒಂದು ಮತ್ತು ಸೊನ್ನೆಗಳ ಸಾಲುಗಳು. ಸಾಲಿನ ಕೊನೆಗೆ ಒಂದು ಹೆಚ್ಚಿನ ಗುರುತನ್ನು ಸೇರಿಸಿ, ಒಂದುಗಳ ಎಣಿಕೆ ಸಮವಾಗುವಂತೆ ಮಾಡಿ ಕಳುಹಿಸುತ್ತಾರೆ. ತಲಪಿದ ಕಡೆ ಎಣಿಕೆ ಬೆಸವಾಗಿದ್ದರೆ ದಾರಿಯಲ್ಲಿ ಏನೋ ಕೆಟ್ಟಿತೆಂದು ತಿಳಿಯುತ್ತದೆ. ಎರಡು ಗುರುತುಗಳು ಕೆಟ್ಟರೆ ಯಂತ್ರವೂ ಮೋಸಹೋಗುತ್ತದೆ.

ಕೊನೆಯ ಅಂಕಿಯ ಸೂತ್ರಕ್ಕೆ ಈಗ ಬರಬಹುದು. ಅದು ಬೇಡವೆಂದು ನಮ್ಮ ಅಭಿಪ್ರಾಯವಲ್ಲ; ಕಾರಣದೊಡನೆ, ಕಡೆಯಲ್ಲಿ ಬರಲಿ ಎಂದಷ್ಟೇ. 36 ಎಂಬುದನ್ನು ನೋಡಿ, ಮೂರು ಬೆಸ, ಆರು ಸಮ, ಯಾವುದನ್ನು ಹೇಳಲಿ ಎಂದು ಮಕ್ಕಳು ತಡವರಿಸುವುದುಂಟು. ಹತ್ತು ಕಡ್ಡಿಗಳ ಮೂರು ಕಟ್ಟುಗಳನ್ನೂ ಆರು ಬಿಡಿ ಕಡ್ಡಿಗಳನ್ನೂ ಮುಂದಿಟ್ಟರೆ, ಒಂದೊಂದು ಕಟ್ಟಿನಲ್ಲಿಯೂ ಐದು ಜೋಡಿಗಳು ಆಗಲೇ ಕೂತಿವೆ, ಒಂಟಿ ಉಳಿಯುವುದಾದರೆ ಬಿಡಿ ಕಡ್ಡಿಗಳಲ್ಲಿಯೇ ಉಳಿಯಬೇಕು ಎಂದು ಮಗುವಿಗೆ ಹೊಳೆಯುತ್ತದೆ. ನೂರು, ಸಾವಿರಗಳೂ ಹತ್ತರ ಕಟ್ಟುಗಳೇ ತಾನೆ.

ಮಕ್ಕಳ ಮಾತಿಗೆ ಕಿವಿಗೊಟ್ಟರೆ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಅಮೆರಿಕದ ಮಿಷಿಗನ್ ಪ್ರಾಂತದ ಒಂದು ಪ್ರಸಂಗ ಶಿಕ್ಷಣಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ. ಅಲ್ಲಿ 1990ರಲ್ಲಿ ಡೆಬೊರಾ ಬಾಲ್ ಎಂಬ ವಿದುಷಿ ಮೂರನೆಯ ತರಗತಿಗೆ ಗಣಿತವನ್ನು ಹೇಳಿಕೊಡುತ್ತಿದ್ದರು. ಒಬ್ಬ ಬಾಲಕ ಎದ್ದು, ಆರು ಎಂಬುದು ಸಮವೂ ಹೌದು, ಬೆಸವೂ ಆಗಬಹುದು ಎಂದ. ಕಾರಣವೇನೆಂದರೆ, ಆರರಲ್ಲಿ ಮೂರು ಜೋಡಿಗಳಿವೆ, ಮೂರು ಬೆಸ. ಸಹಪಾಠಿಗಳು ಒಪ್ಪಲಿಲ್ಲ. ಒಬ್ಬ ಹುಡುಗಿ, ಹಾಗಾದರೆ ಹತ್ತನ್ನೂ ಹಾಗೆಯೇ ಹೇಳಬೇಕಾದೀತು ಎಂದಳು. ಬಾಲಕ ಹಿಂಜರಿಯದೆ ಅದನ್ನೂ ಒಪ್ಪಿಕೊಂಡ. ಉಪಾಧ್ಯಾಯಿನಿ "ತಪ್ಪು, ಕುಳಿತುಕೊ" ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಾಗೆ ಮಾಡದೆ ವಿಚಾರವನ್ನು ತರಗತಿಯ ಮುಂದಿಟ್ಟರು. 2, 6, 10, 14, 18 ಹೀಗೆ ನಾಲ್ಕುನಾಲ್ಕು ಅಂತರದಲ್ಲಿ ಬರುವ, ಬೆಸಸಂಖ್ಯೆಯ ಜೋಡಿಗಳುಳ್ಳ ಸಂಖ್ಯೆಗಳಿಗೆ ಆ ಬಾಲಕನ ಹೆಸರನ್ನೇ ಇಟ್ಟರು. ಆರು ಬೆಸವಲ್ಲ, ನಿಜ. ಆದರೆ ಹುಡುಗ ಕಂಡದ್ದು ಇಲ್ಲದ್ದನ್ನಲ್ಲ. ಇಂಥ ಸಂಖ್ಯೆಗಳಿಗೆ ಯೂಕ್ಲಿಡನು ತನ್ನ ಏಳನೆಯ ಭಾಗದಲ್ಲಿಯೇ ಪ್ರತ್ಯೇಕವಾದ ಲಕ್ಷಣವನ್ನು ಹೇಳಿದ್ದಾನೆ. ಸಮದಿಂದ ಬೆಸಬಾರಿ ಅಳೆಯಲ್ಪಡುವ ಸಂಖ್ಯೆ ಎಂಬುದು ಅದರ ತಾತ್ಪರ್ಯ.

ಜೋಡಿಗಳನ್ನೇ ಮತ್ತೆ ಎಣಿಸಿ, ಅವು ಸಮವೊ ಬೆಸವೊ ಎಂದು ಕೇಳುವ ಈ ಕ್ರಮ ನಮ್ಮ ಪೂರ್ವಿಕರಿಗೂ ಗೊತ್ತಿತ್ತು. ಛಂದಶ್ಶಾಸ್ತ್ರವನ್ನು ಬರೆದ ಪಿಂಗಲನಲ್ಲಿಯೂ, ಸುಮಾರು ಕ್ರಿ. ಶ. 850ರಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನಲ್ಲಿಯೂ ಇದು ಲೆಕ್ಕದ ಸಾಧನವಾಗಿದೆ. ಆರು ಅಕ್ಷರಗಳ ಪಾದದಲ್ಲಿ ಲಘುಗುರುಗಳನ್ನು ಎಷ್ಟು ಬಗೆಯಲ್ಲಿ ಇಡಬಹುದು? ಆರು ಸಮ, ಅರ್ಧ ಮಾಡು, ಮೂರು. ಮೂರು ಬೆಸ, ಒಂದು ಕಳೆ, ಎರಡು. ಎರಡು ಸಮ, ಅರ್ಧ ಮಾಡು, ಒಂದು. ಒಂದು ಬೆಸ, ಕಳೆ, ಸೊನ್ನೆ. ಈಗ ಒಂದರಿಂದ ಹೊರಟು ಬಂದ ದಾರಿಯಲ್ಲಿಯೇ ಹಿಂದಿರುಗಬೇಕು. ಒಂದು ಕಳೆದಲ್ಲಿ ಇಮ್ಮಡಿಸುವುದು, ಅರ್ಧ ಮಾಡಿದಲ್ಲಿ ವರ್ಗ ಮಾಡುವುದು. ಎರಡು, ನಾಲ್ಕು, ಎಂಟು, ಅರುವತ್ತನಾಲ್ಕು. 64 ಬಗೆಗಳೆಂದು ಉತ್ತರ. ಇದನ್ನು ಆರು ವರ್ಷದ ಮಗುವಿಗೆ ಹೇಳಬೇಕೆಂದಲ್ಲ. ಆದರೆ ಅಡಕೆಗಳನ್ನು ಜೋಡಿಸಿ, ಆಮೇಲೆ ಜೋಡಿಗಳನ್ನೇ ಜೋಡಿಸಲು ಹೊರಟ ಮಗು ಈ ದಾರಿಯ ಮೊದಲ ಮೈಲಿಯಲ್ಲಿದೆ ಎಂಬುದನ್ನು ಹಿರಿಯರು ತಿಳಿದಿದ್ದರೆ, ಅಡ್ಡ ಬರುವುದಿಲ್ಲ.

ಒಂದು ಪ್ರಶ್ನೆ ಉಳಿಯಿತು, ಸೊನ್ನೆಯದು. ಸೊನ್ನೆ ಸಮವೊ ಬೆಸವೊ ಎಂದರೆ ವಿದ್ಯಾವಂತರೂ ಕ್ಷಣಕಾಲ ಅನುಮಾನಿಸುತ್ತಾರೆ. "ಏನೂ ಇಲ್ಲದ್ದಕ್ಕೆ ಸಮವೇನು, ಬೆಸವೇನು?" ಎನ್ನುವವರೂ ಉಂಟು. 2016ರ ಜನವರಿಯಲ್ಲಿ ದೆಹಲಿಯಲ್ಲಿ ಹೊಗೆಯನ್ನು ತಗ್ಗಿಸುವುದಕ್ಕಾಗಿ, ಸಮದ ತಾರೀಖಿನಲ್ಲಿ ಸಮದ ಕಾರುಗಳು, ಬೆಸದ ತಾರೀಖಿನಲ್ಲಿ ಬೆಸದ ಕಾರುಗಳು ಓಡಬೇಕೆಂದು ನಿಯಮ ಮಾಡಿದಾಗ, ಸೊನ್ನೆಯಲ್ಲಿ ಮುಗಿಯುವ ನಂಬರಿನ ಕಾರುಗಳನ್ನು ಸಮದ ಪಂಗಡಕ್ಕೆ ಸೇರಿಸಿದರು. ಸರಿಯಾಗಿಯೇ ಸೇರಿಸಿದರು. ಆದರೆ ಮಗುವಿಗೆ ನಿಯಮವನ್ನು ತೋರಿಸಿದರೆ ಸಾಲದು. ಅದು ಮುಷ್ಟಿಯಾಟದಲ್ಲಿ ಒಂದು ದಿನ ಉದ್ದೇಶಪೂರ್ವಕವಾಗಿಯೇ ಬರಿಯ ಮುಷ್ಟಿಯನ್ನು ಮುಂದೆ ನೀಡುತ್ತದೆ, "ಸರಿಯೊ, ಬೆಸವೊ?" ಎಂದು ಕೇಳಿ, ಮುಷ್ಟಿ ಬಿಚ್ಚಿ ನಗುತ್ತದೆ. ಆಗ "ಇದು ಆಟವಲ್ಲ" ಎಂದು ರೇಗಬೇಡಿ. ಒಂಟಿ ಎಲ್ಲಿದೆ, ತೋರಿಸು, ಎನ್ನಿ. ಮಗು ಅಂಗೈಯನ್ನು ನೋಡಿಕೊಳ್ಳುತ್ತದೆ. ಒಂಟಿ ಇಲ್ಲ, ಓಣಿಯಲ್ಲಿ ಬೆರಳಿಗೆ ತಡೆಯಿಲ್ಲ, ಎರಡರಿಂದ ಎರಡನ್ನು ಕಳೆದರೆ ಇಲ್ಲಿಗೇ ಬರುತ್ತೇವೆ. ಆದುದರಿಂದ ಸರಿ ಎಂದವನೇ ಗೆದ್ದನು, ಅವನಿಗೆ ಸಿಕ್ಕುವ ಬೀಜಗಳು ಮಾತ್ರ ಸೊನ್ನೆ.