ಸಾವಿನ ಕಾಗದದಲ್ಲಿ ಹುಟ್ಟಿನ ಗುಟ್ಟು!

ಮುನ್ನೂರೈವತ್ತು ವರ್ಷದ ಹಿಂದೆ ತೀರಿಕೊಂಡ ಒಬ್ಬ ಜರ್ಮನ್ ಹೆಂಗಸು. ರಾಣಿಯಲ್ಲ, ವ್ಯಾಪಾರಿಯೊಬ್ಬನ ಹೆಂಡತಿ. ಆಕೆ ಹುಟ್ಟಿದ ದಿನ ಇವತ್ತು ಗೊತ್ತಾದೀತೇ?

ಗೊತ್ತಾದೀತು! ಅಜ್ಜ ಅಜ್ಜಿಯರ ಹೆಸರು? ಸಿಕ್ಕೀತು! ಕೊನೆಗಾಲದ ಕಾಯಿಲೆ? ಅದೂ ಸಿಕ್ಕೀತು! ಎಲ್ಲಿ? ಊಹಿಸಿ ನೋಡೋಣ.

ಆಕೆಯ ಶವಸಂಸ್ಕಾರದಲ್ಲಿ ಪಾದ್ರಿ ಮಾಡಿದ ಪ್ರವಚನದಲ್ಲಿ!

16ರಿಂದ 18ನೇ ಶತಮಾನದವರೆಗೆ ಲೂಥರನ್ ಸೀಮೆಯ ಅನುಕೂಲಸ್ಥರು ಈ ಪ್ರವಚನಗಳನ್ನು ಅಚ್ಚು ಹಾಕಿಸುತ್ತಿದ್ದರು. ಉಪದೇಶದ ಜೊತೆಗೇ ಬರುತ್ತದೆ ನೋಡಿ, ಸತ್ತವರ ಜೀವನ ವೃತ್ತಾಂತ! ತಂದೆತಾಯಿ, ಓದು, ಮದುವೆ, ಮಕ್ಕಳು, ಕೊನೆಯುಸಿರು. ಆಮೇಲೆ ವಯಸ್ಸಿನ ಲೆಕ್ಕ: ಇಷ್ಟು ವರ್ಷ, ಇಷ್ಟು ವಾರ, ಇಷ್ಟು ದಿನ. ಕೆಲವುಗಳಲ್ಲಿ ಗಂಟೆ ಕೂಡ! ಸತ್ತ ತಾರೀಖಿನಿಂದ ಅಷ್ಟನ್ನೂ ಕಳೆಯಿರಿ. ಹುಟ್ಟಿದ ದಿನ ಸಿಕ್ಕಿತು!

ಇಂಥ ಪ್ರವಚನಗಳನ್ನು ಹುಡುಕಿ ಹುಡುಕಿ ಕೂಡಿಟ್ಟ ಒಬ್ಬ ಮಹಾತಾಯಿ ಇದ್ದಳು, ಸ್ಟೋಲ್‌ಬೆರ್ಗ್‌ನ ಕೌಂಟೆಸ್ ಸೋಫಿ. ಎಷ್ಟು ಕೂಡಿಟ್ಟಿರಬಹುದು? ನೂರು? ಸಾವಿರ?

20,000ಕ್ಕೂ ಹೆಚ್ಚು! ಆ ಭಂಡಾರ ಈಗ ಜರ್ಮನಿಯ ವೋಲ್ಫೆನ್‌ಬ್ಯುಟ್ಟೆಲ್‌ನ ಹೆರ್ಟ್ಸೋಗ್ ಆಗಸ್ಟ್ ಗ್ರಂಥಾಲಯದಲ್ಲಿದೆ.

ಮುಂದೆ ಪತ್ರಿಕೆಗಳು ಬಂದವು, ಮರಣದ ಜಾಹೀರಾತುಗಳೂ ಬಂದವು. ನಾಲ್ಕೇ ಸಾಲು, ಆದರೆ ವಿಧವೆಯ ತವರುಮನೆಯ ಹೆಸರು ಅದರಲ್ಲಿರುತ್ತದೆ! ಇನ್ನೊಂದು ಇಡೀ ವಂಶಕ್ಕೆ ಬಾಗಿಲು ತೆರೆಯಲು ಅಷ್ಟು ಸಾಕು.

ಇನ್ನು ಕಾಗದಗಳು! ಕಪ್ಪು ಅಂಚಿನ ಲಕೋಟೆ ಕಂಡರೆ ಎದೆ ಧಸಕ್ಕೆನ್ನುತ್ತಿತ್ತು, ಒಡೆಯುವ ಮೊದಲೇ ಸಾವಿನ ಸುದ್ದಿ ತಿಳಿದುಬಿಡುತ್ತಿತ್ತು. ಅದೇ ಕಾಗದ ಇವತ್ತು ಮೊಮ್ಮಗನ ಕೈಗೆ ಸಿಕ್ಕಿದೆ ಅನ್ನಿ. ಆತ ಜರ್ಮನಿಯಲ್ಲೇ ಹುಟ್ಟಿದವನು, ಜರ್ಮನ್ನೇ ಮಾತಾಡುವವನು. ಓದಬಲ್ಲನೇ?

ಒಂದಕ್ಷರವೂ ತಿಳಿಯದೆ ಹೋಗಬಹುದು! ಅದು ಕುರೆಂಟ್ ಎಂಬ ಹಳೆಯ ಕೈಬರಹ. 1941ರಲ್ಲಿ ನಾಜಿ ಸರ್ಕಾರ ಅದನ್ನು ಶಾಲೆಗಳಿಂದ ತೆಗೆದುಹಾಕಿತು. ಅದರಲ್ಲಿ 'ಇ' ಮತ್ತು 'ಎನ್' ಅವಳಿಜವಳಿ, ಎರಡೂ ಮೊನಚಾದ ಜೋಡಿಗೆರೆ. 'ಯು' ಕೂಡ ಹಾಗೇ ಕಂಡೀತೆಂದು ಅದರ ನೆತ್ತಿಯ ಮೇಲೊಂದು ಪುಟ್ಟ ಕೊಂಕು! ಆ ಕೊಂಕು ಕಣ್ಣಿಗೆ ಬೀಳದಿದ್ದರೆ ಮನೆತನದ ಹೆಸರೇ ಬೇರೆಯಾದೀತು.

ಇಂಥ ಹಳೆಯ ಜರ್ಮನ್ ಕಾಗದಗಳಿಗೆ ನಮ್ಮ ನೆಲದ ನಂಟೂ ಇದೆ! ಮಂಗಳೂರು, ಧಾರವಾಡಗಳಿಂದ ಬಾಸೆಲ್ ಮಿಷನ್ನಿನ ಜರ್ಮನ್ನರು ಬರೆದ ಕಾಗದಗಳು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಜೋಪಾನವಾಗಿವೆ.

ನಿಮಗೆ ಜರ್ಮನ್ ಗೆಳೆಯರಿದ್ದಾರೆಯೇ? ಅವರ ಅಟ್ಟದ ಪೆಟ್ಟಿಗೆ ತೆಗೆಸಿ. ಕಪ್ಪು ಅಂಚಿನ ಲಕೋಟೆ ಕಂಡರೆ ಎಸೆಯಲು ಮಾತ್ರ ಬಿಡಬೇಡಿ!