ತೆಂಗಿನ ಸೀಮೆಯ 'ಹ'ಕಾರದ ಹಣ್ಣುಗಳು

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳೆಂದರೆ ಮೊದಲು ನೆನಪಿಗೆ ಬರುವುದು ತೆಂಗು ಮತ್ತು ಉಂಡೆ ಕೊಬ್ಬರಿ. ಆದರೆ ಹುಳಿಯಾರು ಪಕ್ಕದ ಕೆಂಕೆರೆಯಂತಹ ಊರುಗಳ ಹೊಲಗಳಲ್ಲಿ ಬದುವಿನ ಮೇಲೆ ನಡೆದು ನೋಡಿದರೆ ತೆಂಗಿನ ಜೊತೆಗೆ ಇನ್ನೂ ಕೆಲವು ಮರಗಳು ಕಾಣುತ್ತವೆ. ಹಲಸು, ಹುಣಸೆ, ಹಿಪ್ಪೆ, ಮನೆಯ ಹಿತ್ತಲಲ್ಲಿ ಹೇರಳೆ, ರೇಷ್ಮೆ ಸಾಕುವವರಲ್ಲಿ ಹಿಪ್ಪುನೇರಳೆ. ಈ ಐದೂ 'ಹ' ಅಕ್ಷರದಿಂದಲೇ ಆರಂಭವಾಗುವುದು ಒಂದು ಸ್ವಾರಸ್ಯ. ಇವುಗಳಲ್ಲಿ ಎರಡು ಎಲ್ಲರಿಗೂ ಗೊತ್ತಿರುವ ಹಣ್ಣುಗಳು. ಉಳಿದ ಮೂರನ್ನು ಹಣ್ಣಿನ ಗಿಡಗಳೆಂದು ಅನೇಕರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇವುಗಳ ವಿಚಾರ ಈಗ ಏಕೆ ಎಂದು ಕೇಳಬಹುದು. ಒಂದೇ ಬೆಳೆಯನ್ನು ನಂಬಿದರೆ ಏನಾಗುತ್ತದೆ ಎಂಬುದನ್ನು ತೆಂಗಿನ ರೈತರು ಕಂಡಿದ್ದಾರೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ನಮ್ಮ ತೋಟಗಳಿಗೂ ಹರಡಿ ಕಾಯಿಯ ಗಾತ್ರವನ್ನು ಕುಗ್ಗಿಸಿತು. 2016ರಲ್ಲಿ ತಮಿಳುನಾಡು ಮತ್ತು ಕೇರಳದಲ್ಲಿ ಮೊದಲು ಕಂಡ ಸುರುಳಿ ಬಿಳಿನೊಣವೂ ಕರ್ನಾಟಕದ ತೋಟಗಳಿಗೆ ಬಂದಿತು. ಮಳೆ ಕೈಕೊಟ್ಟ ವರ್ಷ, ಕೊಬ್ಬರಿ ಬೆಲೆ ಇಳಿದ ವರ್ಷ, ಬದುವಿನ ಮರ ಸಂಸಾರಕ್ಕೆ ಆಸರೆಯಾಗುತ್ತದೆ. ಆದರೆ ಅಂತಹ ವರ್ಷವೇ ನಾಟಾ ವ್ಯಾಪಾರಿ ಬರುವುದೂ, ಮರ ಉರುಳುವುದೂ ಹೆಚ್ಚು. ಮಾರುವ ಮುನ್ನ ಆ ಮರ ಎಂತಹುದು ಎಂದು ಒಮ್ಮೆ ತಿಳಿಯುವುದು ಅವಶ್ಯ.

'ಹ'ಕಾರ ಹೇಗೆ ಬಂತು?

ಹಳಗನ್ನಡದಲ್ಲಿ ಪದದ ಆರಂಭದಲ್ಲಿದ್ದ 'ಪ'ಕಾರವು ಕಾಲಕ್ರಮದಲ್ಲಿ 'ಹ'ಕಾರವಾಯಿತು. ಪಾಲು ಹಾಲಾದಂತೆ ಪಣ್ ಎಂಬುದು ಹಣ್ಣಾಯಿತು. ಹಲಸಿಗೆ ತಮಿಳರು ಈಗಲೂ ಪಲಾ ಎನ್ನುತ್ತಾರೆ, ತೆಲುಗರು ಪನಸ ಎನ್ನುತ್ತಾರೆ. ನಮ್ಮ ಹುಳಿ ತಮಿಳಿನಲ್ಲಿ ಪುಳಿ. ಹಿಪ್ಪೆಯ ಕಥೆ ಬೇರೆ. ಅದನ್ನು ನಮ್ಮಲ್ಲೇ ಹಲವರು ಇಪ್ಪೆ ಎನ್ನುತ್ತಾರೆ, ತೆಲುಗಿನಲ್ಲಿಯೂ ಅದು ಇಪ್ಪ.

ಹೆಸರಿನ ಅಕ್ಷರ ಒಂದೇ ಆದ ಮಾತ್ರಕ್ಕೆ ಗಿಡಗಳ ಕುಟುಂಬ ಒಂದೇ ಆಗುವುದಿಲ್ಲ. ಹುಣಸೆ ತೊಗರಿ, ಅವರೆಗಳಂತೆ ದ್ವಿದಳ ಜಾತಿಗೆ ಸೇರಿದ್ದು. ಹಿಪ್ಪೆ ಸಪೋಟದ ಬಂಧು. ಹೇರಳೆ ನಿಂಬೆಯ ಕುಲ. ಆದರೆ ಹಲಸು ಮತ್ತು ಹಿಪ್ಪುನೇರಳೆ ಮಾತ್ರ ನಿಜವಾಗಿಯೂ ಒಂದೇ ಕುಟುಂಬದವು. ಎರಡರಲ್ಲಿಯೂ ನಾವು ಒಂದು ಹಣ್ಣೆಂದು ಕರೆಯುವುದು ಅನೇಕ ಹೂಗಳು ಕೂಡಿ ಆದದ್ದು. ಹಲಸಿನ ಒಂದೊಂದು ತೊಳೆಯೂ, ಹಿಪ್ಪುನೇರಳೆಯ ಒಂದೊಂದು ಮಣಿಯೂ ಒಂದೊಂದು ಹೂವಿನಿಂದ ಬೆಳೆದಿರುತ್ತದೆ.

ಹಲಸು

ಹಲಸಿನಲ್ಲಿ ಗಂಡು ಹೂಗೊಂಚಲು ಮತ್ತು ಹೆಣ್ಣು ಹೂಗೊಂಚಲು ಒಂದೇ ಮರದಲ್ಲಿ ಬೇರೆ ಬೇರೆಯಾಗಿರುತ್ತವೆ. ಎಳೆಯ ಮಿಡಿಯಂತೆ ಕಾಣುವ ಗಂಡು ಗೊಂಚಲು ಪರಾಗ ಉದುರಿಸಿದ ಮೇಲೆ ಕಪ್ಪಾಗಿ ಬಿದ್ದುಹೋಗುತ್ತದೆ. ಇದನ್ನು ಕಂಡು ಮಿಡಿ ಉದುರುತ್ತಿದೆಯೆಂದು ಹೆದರಬೇಕಾಗಿಲ್ಲ. ಕಾಂಡದ ಮೇಲೆ ಮತ್ತು ದಪ್ಪ ಕೊಂಬೆಗಳ ಮೇಲೆ ಬಿಡುವ ಹೆಣ್ಣು ಗೊಂಚಲುಗಳೇ ಕಾಯಾಗುವುವು. ಇವು ಕಪ್ಪಾಗಿ ಬೂಸಲು ಹಿಡಿದರೆ ಮಾತ್ರ ಅದು ಕೊಳೆರೋಗ. ಅಂತಹವನ್ನು ಆರಿಸಿ ದೂರ ಹೂಳಬೇಕು.

ಹಲಸು ಅನ್ಯಪರಾಗಸ್ಪರ್ಶದ ಮರ. ಆದುದರಿಂದ ಬೀಜದಿಂದ ಎದ್ದ ಗಿಡ ತಾಯಿಯಂತೆಯೇ ಇರುವುದಿಲ್ಲ. ಒಂದೇ ಹಣ್ಣಿನ ಹತ್ತು ಬೀಜ ಹಾಕಿದರೆ ಹತ್ತು ಬಗೆಯ ಮರಗಳಾಗಬಹುದು. ತೊಳೆ ಗಟ್ಟಿಯೋ ಮೆತ್ತಗೋ, ಬಣ್ಣ ಬಿಳಿಯೋ ಹಳದಿಯೋ ಕೆಂಪೋ, ಸಿಹಿ ಎಷ್ಟೋ, ಎಲ್ಲವೂ ಮರದಿಂದ ಮರಕ್ಕೆ ಬೇರೆ. ಇದರ ಅರ್ಥವೇನೆಂದರೆ, ಬೀಜದಿಂದ ಬಂದ ಒಂದು ಉತ್ತಮ ಮರವನ್ನು ಕಸಿ ಮಾಡದೆ ಕಡಿದರೆ ಆ ತಳಿ ಪ್ರಪಂಚದಿಂದಲೇ ಹೋಯಿತು. ಅದರ ಬೀಜ ಹಾಕಿದರೂ ಅದು ಮರಳಿ ಬರುವುದಿಲ್ಲ.

ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಳ್ಳೆಯ ನಿದರ್ಶನವಿದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ಜಮೀನಿನಲ್ಲಿದ್ದ ಒಂದು ಹಲಸಿನ ಮರದ ಹಣ್ಣು ಚಿಕ್ಕದು, ಸರಾಸರಿ ಎರಡೂವರೆ ಕಿಲೋದಷ್ಟು. ತೊಳೆ ತಾಮ್ರಗೆಂಪು, ಬಹಳ ಸಿಹಿ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಇದನ್ನು ಪರೀಕ್ಷಿಸಿ, ಕಸಿ ಗಿಡಗಳನ್ನು ಬೆಳೆಸುವ ಬಗ್ಗೆ 2017ರಲ್ಲಿ ಆ ರೈತರೊಡನೆ ಒಪ್ಪಂದ ಮಾಡಿಕೊಂಡರು. ರೈತರ ತಂದೆಯ ಹೆಸರಿನಿಂದ ತಳಿಗೆ 'ಸಿದ್ದು' ಎಂದು ಹೆಸರಾಯಿತು. ಕಸಿ ಗಿಡಗಳ ಮಾರಾಟದಿಂದ ಆ ಕುಟುಂಬಕ್ಕೆ ಆದಾಯ ಬಂದಿತು. ಅದೇ ಮರವನ್ನು ಯಾವುದೋ ಬರಗಾಲದ ವರ್ಷ ನಾಟಾಕ್ಕೆ ಮಾರಿದ್ದರೆ ಒಂದು ಸಲದ ಹಣ ಮಾತ್ರ ಸಿಗುತ್ತಿತ್ತು.

ಹುಣಸೆ

ಹುಣಸೆಯ ತೌರು ಆಫ್ರಿಕಾ. ಆದರೆ ಅದು ನಮ್ಮಲ್ಲಿಗೆ ಬಂದು ಎಷ್ಟು ಕಾಲವಾಯಿತೆಂದರೆ, ಅರಬರು ಅದಕ್ಕೆ 'ಹಿಂದ್ ದೇಶದ ಖರ್ಜೂರ' ಎಂಬ ಅರ್ಥದ ಹೆಸರಿಟ್ಟರು. ಬೇಸಿಗೆಯಲ್ಲಿ ಹೂವಾಗಿ, ಮುಂದಿನ ಜನವರಿಯಿಂದ ಮಾರ್ಚಿಯವರೆಗೆ ಹಣ್ಣಾಗುತ್ತದೆ. ಬೀಜದ ಗಿಡ ಫಲ ಕೊಡಲು ಎಂಟು ಹತ್ತು ವರ್ಷ ಬೇಕು. ಕಸಿ ಗಿಡ ನಾಲ್ಕೈದು ವರ್ಷಕ್ಕೆ ಬಿಡಲಾರಂಭಿಸುತ್ತದೆ. ಪೆರಿಯಕುಲಂನ ಪಿ.ಕೆ.ಎಂ-1 ಮತ್ತು ಧಾರವಾಡದ ಡಿ.ಟಿ.ಎಸ್-1 ಹೆಸರಾದ ತಳಿಗಳು.

ಹಣ್ಣನ್ನು ಗಳುವಿನಿಂದ ಬಡಿಯುವಾಗ ಎಳೆಯ ಕೊಂಬೆಗಳು ಮುರಿಯುತ್ತವೆ. ಮುಂದಿನ ಹೂ ಬರಬೇಕಾದುದು ಹೊಸ ಚಿಗುರಿನಲ್ಲಿಯೇ. ಆದುದರಿಂದ ಕೊಂಬೆ ಅಲುಗಿಸಿ ಉದುರಿಸುವುದು ಮೇಲು. ಸಿಪ್ಪೆ, ನಾರು, ಬೀಜ ತೆಗೆದ ಹಣ್ಣನ್ನು ಚೆನ್ನಾಗಿ ಒಣಗಿಸಿ, ಸ್ವಲ್ಪ ಉಪ್ಪು ಬೆರೆಸಿ, ಗಾಳಿಯಾಡದಂತೆ ಇಟ್ಟರೆ ಬೇಗ ಕಪ್ಪಾಗುವುದಿಲ್ಲ, ಹುಳವೂ ಬೀಳುವುದಿಲ್ಲ. ಬೀಜವನ್ನು ಎಸೆಯಬಾರದು. ಅದರ ಪುಡಿಗೆ ನೂಲಿನ ಗಂಜಿಗಾಗಿ ಬೇಡಿಕೆ ಇದೆ. ಹುಣಸೆಯ ನೆರಳಿನಲ್ಲಿ ಬೇರೆ ಬೆಳೆ ಚೆನ್ನಾಗಿ ಬರುವುದಿಲ್ಲವಾದ್ದರಿಂದ ಅದನ್ನು ತೆಂಗಿನ ಸಾಲಿನಲ್ಲಿ ಸೇರಿಸದೆ ಹೊರಬದುವಿನಲ್ಲಿಯೇ ಹಾಕಬೇಕು.

ಹಿಪ್ಪೆ

ಹಿಪ್ಪೆ ಬೇಸಿಗೆಯಲ್ಲಿ ಎಲೆ ಉದುರಿಸಿ ಹೂ ಬಿಡುತ್ತದೆ, ಮುಂಗಾರಿನ ಹೊತ್ತಿಗೆ ಹಣ್ಣಾಗುತ್ತದೆ. ಹಣ್ಣನ್ನು ಬಾವಲಿಗಳೂ ಹಕ್ಕಿಗಳೂ ತಿನ್ನುತ್ತವೆ. ರೈತನಿಗೆ ಮುಖ್ಯವಾದುದು ಬೀಜ. ಬೀಜದ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ ಇದ್ದು, ದೀಪಕ್ಕೂ ಸಾಬೂನಿಗೂ ಬಳಕೆಯಾಗುತ್ತದೆ. ಹಿಂಡಿ ಗೊಬ್ಬರಕ್ಕೆ ಒಳ್ಳೆಯದು. ಆದರೆ ಅದರಲ್ಲಿ ನೊರೆ ಬರಿಸುವ ವಿಷಕಾರಿ ಅಂಶವಿರುವುದರಿಂದ ದನಕರುಗಳಿಗೆ ತಿನ್ನಿಸಕೂಡದು. ಮೀನು ಸಾಕಿದ ಕೆರೆಕಟ್ಟೆಗಳಿಗೂ ಅದು ಸೇರಬಾರದು, ಮೀನು ಸಾಯುತ್ತವೆ. ಬೀಜ ಬೇಗ ಮೊಳಕೆಯ ಶಕ್ತಿ ಕಳೆದುಕೊಳ್ಳುವುದರಿಂದ ಹಣ್ಣು ಬಿದ್ದ ಕೂಡಲೇ ಬಿತ್ತಬೇಕು.

ಹೇರಳೆ ಮತ್ತು ಹಿಪ್ಪುನೇರಳೆ

ಹೇರಳೆಯ ಉಪ್ಪಿನಕಾಯಿ, ಹೇರಳೆ ಚಿತ್ರಾನ್ನಗಳ ರುಚಿ ಬಲ್ಲವರು ಇನ್ನೂ ಇದ್ದಾರೆ, ಗಿಡ ಇಟ್ಟುಕೊಂಡವರು ಕಡಿಮೆ. ದಪ್ಪ ಸಿಪ್ಪೆಯ, ತುಸು ಕಹಿ ಬೆರೆತ ಹುಳಿಯ ಹಣ್ಣು ಇದು. ಒಳ್ಳೆಯ ಗಿಡದಿಂದ ಮಳೆಗಾಲದಲ್ಲಿ ಗೂಟಿ ಕಟ್ಟಿ ಸಸಿ ಮಾಡಿಕೊಳ್ಳಬಹುದು. ಬುಡದಲ್ಲಿ ನೀರು ನಿಲ್ಲಬಾರದು. ಎಳೆ ಎಲೆ ತಿನ್ನುವ ಚಿಟ್ಟೆಯ ಹುಳುಗಳನ್ನು ಕೈಯಿಂದ ಆರಿಸಿದರೆ ಸಾಕು.

ಹಿಪ್ಪುನೇರಳೆಯ ಸೊಪ್ಪು ಕೊಯ್ಯುತ್ತಲೇ ಇರುವ ತೋಟದಲ್ಲಿ ಹಣ್ಣು ಹೆಚ್ಚು ಕಾಣುವುದಿಲ್ಲ. ಬೇಲಿಯಂಚಿನಲ್ಲಿ ಒಂದೆರಡನ್ನು ಮರವಾಗಲು ಬಿಟ್ಟರೆ ಮಕ್ಕಳಿಗೆ ಕೈತುಂಬ ಹಣ್ಣು ಸಿಗುತ್ತದೆ. ಕಡ್ಡಿ ನೆಟ್ಟು ಬೆಳೆಸುವುದರಿಂದ ತಾಯಿಗಿಡದ ಗುಣವೇ ಬರುತ್ತದೆ. ಔಷಧಿ ಸಿಂಪಡಿಸಿದ ಗಿಡದ ಹಣ್ಣನ್ನು ಮಕ್ಕಳು ತಿನ್ನದಂತೆ ಎಚ್ಚರ ವಹಿಸಬೇಕು.

'ಹ'ಕಾರದ ಹಣ್ಣುಗಳೆಲ್ಲವೂ ನಮ್ಮ ಸೀಮೆಗೆ ಒಗ್ಗುತ್ತವೆಂದಲ್ಲ. ಮಲೆನಾಡಿನ ಹೆಬ್ಬಲಸು ಹೆಚ್ಚು ಮಳೆಯ ಕಾಡಿನ ಮರ. ಒಣಸೀಮೆಯ ಬದುವಿನಲ್ಲಿ ಅದನ್ನು ಹಾಕಿ ನಿರಾಶರಾಗುವುದು ಬೇಡ.

ರೈತರು ಈಗ ಮಾಡಬೇಕಾದ್ದು

1. ಈ ಬೇಸಿಗೆಯಲ್ಲಿ ನಿಮ್ಮ ಬದುವಿನ ಪ್ರತಿಯೊಂದು ಹಲಸಿನ ಹಣ್ಣನ್ನೂ ಕೊಯ್ದು ನೋಡಿ. ತೊಳೆಯ ಬಣ್ಣ, ರುಚಿ, ಗಟ್ಟಿತನ, ಕಾಯಿಗಳ ಸಂಖ್ಯೆ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಹುಣಸೆಗೂ ಹೀಗೆಯೇ ಮಾಡಿ.

2. ಎರಡು ಮೂರು ವರ್ಷ ಒಂದೇ ಸಮನೆ ಚೆನ್ನಾಗಿ ಬಿಟ್ಟ ಮರಕ್ಕೆ ಬಣ್ಣದ ಪಟ್ಟೆ ಬಳಿದು ಗುರುತು ಮಾಡಿ.

3. ಆ ಮರದ ಪೆನ್ಸಿಲ್ ಗಾತ್ರದ ಬಲಿತ ಕಡ್ಡಿಯ ಎಲೆಗಳನ್ನು ಹತ್ತು ದಿನ ಮೊದಲೇ ಕತ್ತರಿಸಿ, ಮೊಗ್ಗು ಉಬ್ಬಿದ ಮೇಲೆ ಕಡ್ಡಿ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿ, ಅಂದೇ ಮೃದುಕಾಂಡ ಕಸಿ ಮಾಡಿಸಿ. ಬೇರುಸಸಿಗಾಗಿ ಹಲಸಿನ ಬೀಜವನ್ನು ತಾಜಾ ಇರುವಾಗಲೇ ಬಿತ್ತಬೇಕು.

4. ಮುಂಗಾರಿನಲ್ಲಿ ಮೂರು ಅಡಿ ಗುಂಡಿ ತೆಗೆದು, ಕೊಟ್ಟಿಗೆ ಗೊಬ್ಬರ ತುಂಬಿ, ತೆಂಗಿನ ಸಾಲಿನಿಂದ ದೂರ ನೆಡಿ. ಕಸಿ ಗಂಟು ಮಣ್ಣಿನಿಂದ ಮೇಲಿರಲಿ.

5. ವಿಶೇಷ ಗುಣದ ಮರವಿದ್ದರೆ ತಿಪಟೂರು ಬಳಿಯ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ತುಮಕೂರು ಬಳಿಯ ಹಿರೇಹಳ್ಳಿ ಕೇಂದ್ರಕ್ಕೆ ಹಣ್ಣಿನೊಡನೆ ಹೋಗಿ ತೋರಿಸಿ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ ಪ್ರಕಾರ ರೈತನು ತನ್ನ ತಳಿಯನ್ನು ತನ್ನ ಹೆಸರಿನಲ್ಲಿ ನೋಂದಾಯಿಸಿಕೊಳ್ಳಲು ಅವಕಾಶವಿದೆ.

ಗ್ರಾಮ ಮಟ್ಟದ ಕಾರ್ಯಕರ್ತರು ಹಣ್ಣಿನ ಕಾಲದಲ್ಲಿ ಪ್ರತಿ ಊರಿನಲ್ಲಿಯೂ ಇಂತಹ ಮರಗಳ ಪಟ್ಟಿಯೊಂದನ್ನು ತಯಾರಿಸಿದರೆ ಬಹಳ ಉಪಕಾರವಾದೀತು. ಮರದ ಗುಣ ಬಲ್ಲವರು ಊರಿನ ಹಿರಿಯರು. ಯಾವ ಹೊಲದ ಹಲಸು ಕೆಂಪು, ಯಾವ ಹುಣಸೆಯ ತಿರುಳು ದಪ್ಪ ಎಂದು ಅವರು ಕುಳಿತಲ್ಲಿಯೇ ಹೇಳುತ್ತಾರೆ. ಅವರನ್ನು ಕೇಳಿ ಬರೆದುಕೊಳ್ಳುವ ಕೆಲಸವನ್ನು ಮುಂದಿನ ವರ್ಷಕ್ಕೆ ಬಿಡಬಾರದು. ಕಡಿಯಲೇಬೇಕಾದ ಮರವನ್ನೂ ಕಸಿ ಮಾಡಿಸಿಕೊಂಡ ನಂತರವೇ ಕಡಿಯಿರಿ.